ಎರಡು ಮಹಡಿಯ ಪರೀಕ್ಷೆ

ನಮ್ಮ ಗಡಿಯಾರ ರಿಪೇರಿಯವರಿಗೆ ಹೃದಯಾಘಾತವಾಗಿ ಮೂರು ತಿಂಗಳಾಗಿತ್ತು. ಎದೆ ಸರಿಹೋಗಿತ್ತು, ಹೆಂಡತಿಯ ಹೆದರಿಕೆ ಹೋಗಿರಲಿಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಆಕೆ ತನ್ನ ಮಂಚವನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡಿದ್ದಳು. ಇವರು ಆಸೆಯಿಂದ ಕೈ ಚಾಚಿದರೆ, ಅದನ್ನು ಹಿಡಿದು ನಾಡಿ ನೋಡಿ ವಾಪಸ್ಸು ಕೊಡುತ್ತಿದ್ದಳು.

ಆ ಬೆಳಿಗ್ಗೆ ಇವರು ನಾಚಿಕೆ ಬಿಟ್ಟು ಡಾಕ್ಟರಮ್ಮನನ್ನು ಕೇಳಿಯೇಬಿಟ್ಟರು.

"ಎರಡು ಮಹಡಿ ಬಿರಬಿರನೆ ಹತ್ತಿ. ಏದುಸಿರು, ಎದೆನೋವು ಬರ್ಲಿಲ್ಲ ಅಂದ್ರೆ ಹೆಂಡತಿ ಜೊತೆ ಧಾರಾಳವಾಗಿ ಸೇರಬಹುದು" ಎಂದರು ಡಾಕ್ಟರಮ್ಮ.

ಸುದ್ದಿ ಕೇಳಿ ಹೆಂಡತಿಯ ಮುಖ ಕೆಂಪಾಯಿತು. "ನನ್ನ ಕಣ್ಣೆದುರು ಹತ್ತಿ ತೋರ್ಸಿ. ಆಮೇಲೆ ನೋಡೋಣ" ಎಂದು, ಎರಡನೇ ಮಹಡಿಯ ತಮ್ಮ ಬಾಗಿಲಾಚೆ ಮೆಟ್ಟಿಲ ಕಂಬಿ ಹಿಡಿದು ಬಗ್ಗಿ ನಿಂತಳು.

ಮೊದಲ ಸಲ ಕೆಳಮನೆಯ ಮೇಷ್ಟ್ರು ಅಂಗಿ ಹಿಡಿದು ನಿಲ್ಲಿಸಿದರು. "ಏನ್ರೀ ಇದು ಓಟ? ಜೀವ ಬೇಡ್ವಾ?"

"ಸ್ವಲ್ಪ ಅರ್ಜೆಂಟು ಮೇಷ್ಟ್ರೇ."

"ಅದಕ್ಯಾಕೆ ಮೇಲಕ್ಕೆ ಓಡ್ತೀರಿ? ನಮ್ಮನೇಲೂ ಬಾತ್‌ರೂಮಿದೆ, ಬನ್ನಿ!"

ಎರಡನೇ ಸಲ ಮೊದಲ ಮಹಡಿಯ ಟೈಲರಮ್ಮ ಅಡ್ಡ ಬಂದು, ಕುರ್ಚಿ ಹಾಕಿ ಕೂರಿಸಿ, ಗಾಳಿ ಬೀಸಿದಳು. "ಅಣ್ಣಾ, ಏನು ಬೇಕೋ ಹೇಳಿ, ನಾನೇ ತಂದ್ಕೊಡ್ತೀನಿ."

ಮೇಲೆ ಹೆಂಡತಿ ಬಾಯಿ ಮುಚ್ಚಿಕೊಂಡು ನಕ್ಕಳು. ಮೂರು ತಿಂಗಳಲ್ಲಿ ಆಕೆ ನಕ್ಕದ್ದು ಅದೇ ಮೊದಲು. ಆ ನಗು ಕಂಡದ್ದೇ ಇವರ ಕಾಲಿಗೆ ಚಕ್ರ ಬಂತು. ಕೆಳಗಿಳಿದು ಮೂರನೇ ಸಲ ಹೊರಟರು. ಹಿಡಿಯಲು ಹಿಂದೆ ಮೇಷ್ಟ್ರು, ಅವರ ಹಿಂದೆ ಕುರ್ಚಿ ಹೊತ್ತ ಟೈಲರಮ್ಮ. ಮೇಲೆ ಮುಟ್ಟಿದಾಗ ಏದುಸಿರು ಬಿಡುತ್ತಿದ್ದವರು ಹಿಂದಿನ ಇಬ್ಬರೇ. ಕುರ್ಚಿಯಲ್ಲಿ ಮೇಷ್ಟ್ರು ಕುಸಿದು ಕೂತರು.

ಒಳಗೆ ಬಂದು ಚಿಲಕ ಹಾಕಿದ ಹೆಂಡತಿ ಗಂಡನ ಎದೆಗೆ ಕಿವಿಯಿಟ್ಟು ಅತ್ತೇಬಿಟ್ಟಳು. "ದಿನಾ ರಾತ್ರಿ ನಿಮ್ಮ ಉಸಿರು ಎಣಿಸ್ತಾ ಎದ್ದಿರ್ತಿದ್ದೆ ಕಣ್ರೀ. ನಿಂತುಹೋದ್ರೆ ನಾನೇನು ಮಾಡ್ಲಿ ಅಂತ."

ಇವರು ಆಕೆಯ ತಲೆ ನೇವರಿಸಿದರು. ತನಗೆ ಗೊತ್ತೇ ಆಗಲಿಲ್ಲವಲ್ಲ!

ಆಕೆಯೇ ಕಣ್ಣೊರೆಸಿಕೊಂಡು ಮಂಚವನ್ನು ಇವರ ಮಂಚಕ್ಕೆ ಕೂಡಿಸಿದಳು. "ಬೇಗ ಸ್ನಾನ ಮಾಡಿ ಬನ್ನಿ."

ಇವರು ಮಿಂದು, ಗಡ್ಡ ಬೋಳಿಸಿ, ಸೆಂಟು ಹಚ್ಚಿಕೊಂಡು ಮದುಮಗನಂತೆ ಬಂದು ನೋಡುತ್ತಾರೆ, ಆಕೆ ಗೊರಕೆ ಹೊಡೆಯುತ್ತಿದ್ದಾಳೆ! ಹೆದರಿಕೆ ಹೋಯಿತು, ಮೂರು ತಿಂಗಳ ನಿದ್ದೆ ಒಟ್ಟಿಗೇ ಬಂತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. "ಅಣ್ಣಾ, ಆರಾಮಾಗಿದ್ದೀರಾ?"

"ಶ್! ಈಗ ತಾನೇ ಮಲಗಿದ್ದಾಳೆ, ಎಬ್ಬಿಸ್ಬೇಡಮ್ಮ!"

ಸದ್ದಿಲ್ಲದೆ ಪಕ್ಕದಲ್ಲಿ ಒರಗಿದರು. ನಿದ್ದೆಗಣ್ಣಲ್ಲೇ ಆಕೆ ಇವರ ತೋಳಿನ ಮೇಲೆ ತಲೆಯಿಟ್ಟಳು. ತೋಳು ಜೋಮು ಹಿಡಿಯಿತು. ಸಂಜೆಯವರೆಗೂ ಅವರು ಅದನ್ನು ಅಲುಗಿಸಲಿಲ್ಲ.