ಕೊಲೆಗಳಿಗೊಂದು ಚೆಕ್ಕುಬಂದಿ

ಜಗತ್ತಿನ ಯಾವ ಮೂಲೆಯಲ್ಲಿ ಯಾವ ಮಂತ್ರಿಯ ಕೊಲೆಯಾದರೂ ಅದರ ನಿಜವಾದ ತನಿಖೆ ನಡೆಯುತ್ತಿದ್ದುದು ಗುಬ್ಬಿಯಲ್ಲಿ, ನನ್ನ ಹೆಂಡತಿಯ ಚಿಕ್ಕಪ್ಪನ ಮನೆಯ ಜಗಲಿಯ ಮೇಲೆ. ಇದನ್ನು ಆಯಾ ದೇಶದ ಪೊಲೀಸರಿಗೆ ಯಾರೂ ತಿಳಿಸಲಿಲ್ಲ ಅನ್ನುವುದು ಅವರ ದುರದೃಷ್ಟ. ನಮ್ಮ ಅದೃಷ್ಟವೂ ಇರಬಹುದು.

ನಾನು ಅವರನ್ನು ಮಾವ ಅನ್ನುತ್ತಿದ್ದೆ. ಸರ್ವೆ ಇಲಾಖೆಯಲ್ಲಿದ್ದು ಮೂವತ್ತು ವರ್ಷ ಊರೂರಿನ ಹೊಲ ಅಳೆದು ನಿವೃತ್ತರಾದವರು. ತೊಂಬತ್ತರ ದಶಕದಲ್ಲಿ ನನಗೆ ತುಮಕೂರಿನಲ್ಲಿ ಕೆಲಸ. ಭಾನುವಾರ ಪ್ಯಾಸೆಂಜರ್ ರೈಲು ಹತ್ತಿ ಹೋದರೆ, ಮಾವ ಪೇಪರನ್ನು ಎದೆಯ ಮೇಲೆ ಹರಡಿಕೊಂಡು, ಹೊಂಗೆ ಮರದ ನೆರಳು ಜಗಲಿ ಹತ್ತುವುದನ್ನು ಅರೆಗಣ್ಣಿನಲ್ಲಿ ನೋಡುತ್ತಾ ಒರಗಿರುತ್ತಿದ್ದರು. ಅದು ನಿದ್ದೆಯೋ ತನಿಖೆಯೋ ಹೇಳುವುದು ಕಷ್ಟ. ನನಗಂತೂ ಆ ಮಧ್ಯಾಹ್ನಗಳಲ್ಲಿ, ಸತ್ತ ಅಧ್ಯಕ್ಷರೆಲ್ಲ ಗುಬ್ಬಿ ಕೆರೆಯ ಏರಿಯ ಮೇಲೆ ಸಾಲಾಗಿ ನಡೆದು ಬರುತ್ತಿದ್ದಾರೆ ಅನ್ನಿಸುತ್ತಿತ್ತು, ಹೊಲ ಪಾಲು ಮಾಡಿ ಪೋಡಿ ಮಾಡಿಸಿಕೊಳ್ಳಲು ಅರ್ಜಿ ಹಿಡಿದ ರೈತರ ಹಾಗೆ.

"ಕೊಂದವನು ಯಾರು ಅಂತ ಕೇಳೋನು ದಡ್ಡ ಕಣಯ್ಯ. ಲಾಭ ಯಾರಿಗಾಯ್ತು ಅಂತ ಕೇಳು" ಅನ್ನುವುದು ಮಾವನ ಸಿದ್ಧಾಂತ. ವಿಧಾನ ಮಾತ್ರ ಅಪ್ಪಟ ಸರ್ವೆ ಇಲಾಖೆಯದು. ಜಮೀನಿನ ಪತ್ರದಲ್ಲಿ ನಾಲ್ಕು ದಿಕ್ಕಿಗೆ ಯಾರು ಯಾರ ಜಮೀನಿದೆ ಎಂದು ಚೆಕ್ಕುಬಂದಿ ಬರೆಯುತ್ತಾರಲ್ಲ, ಹಾಗೆ ಅವರು ಪ್ರತಿ ಕೊಲೆಗೂ ಬರೆಯುತ್ತಿದ್ದರು. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ. ನಡುವೆ ಹೆಣ. ಪೂರ್ವಕ್ಕೆ ವಿರೋಧ ಪಕ್ಷ, ಪಶ್ಚಿಮಕ್ಕೆ ಮಿಲಿಟರಿ, ಉತ್ತರಕ್ಕೆ ಸ್ವಂತ ಅಳಿಯ. ದಕ್ಷಿಣ ಮಾತ್ರ ಖಾಲಿ. ಯಾಕೆ ಅಂದರೆ, "ಇರ್ಲಿ ಬುಡು, ಇನ್ನೂ ಅಳತೆ ಆಗ್ಬೇಕು" ಅನ್ನುವರು.

ಒಮ್ಮೆ ಯಾವುದೋ ದ್ವೀಪದ ಅಧ್ಯಕ್ಷ ಹತನಾದ. ಮಾವ ಎರಡು ಭಾನುವಾರ ಚಿಂತಿಸಿ ತೀರ್ಪು ಕೊಟ್ಟರು: ಆ ದ್ವೀಪದಲ್ಲಿ ಗಲಾಟೆಯಾದರೆ ಅಲ್ಲಿಯ ಕೊಬ್ಬರಿ ಹಡಗು ಹತ್ತುವುದಿಲ್ಲ, ಆಗ ಬೇರೆ ಕಡೆಯ ಕೊಬ್ಬರಿಗೆ ಬೆಲೆ ಏರುತ್ತದೆ, ಆದ್ದರಿಂದ ಲಾಭ ತೆಂಗು ಬೆಳೆದವರಿಗೆ.

ಅತ್ತೆ ಒಳಗಿಂದ ಮೊರ ಹಿಡಿದುಕೊಂಡೇ ಬಂದರು. "ಹಾಗಾದ್ರೆ ನಮ್ಮದೂ ಮೂವತ್ತು ಮರ ಇದಾವಲ್ರೀ. ಪೊಲೀಸ್ನೋರು ಬಂದ್ರೆ ಕಾಫಿಗೆ ಹಾಲು ಸಾಕಾಗಲ್ಲ, ಮೊದ್ಲೇ ಹೇಳ್ಬುಡಿ."

ನಾನು ನಕ್ಕೆ. ಮಾವ ನಗಲಿಲ್ಲ. ಅಂಗೈಯಿಂದ ಚೌಕವನ್ನೇ ಒರೆಸಿಬಿಟ್ಟರು. ತನಿಖೆಯ ಬೆರಳು ತಮ್ಮ ಮನೆಯ ಕಡೆಗೆ ತಿರುಗಿದ ಕೂಡಲೇ ಅವರು ಹೀಗೆ ಕಡತ ಮುಚ್ಚುತ್ತಿದ್ದುದು ನನ್ನ ಗಮನಕ್ಕೆ ಬರಲು ವರ್ಷಗಳೇ ಬೇಕಾದವು.

ತುಮಕೂರಿನಲ್ಲಿ ಅವರ ಎದುರಾಳಿ ವಕೀಲರೆಂದರೆ ಛತ್ರಿ ರಿಪೇರಿಯ ಸಾಬರು. ಒಮ್ಮೆ ರಿಪೇರಿಗೆ ಛತ್ರಿ ತಂದ ಮಾವನ ಸಿದ್ಧಾಂತವನ್ನು ಪೂರ್ತಿ ಕೇಳಿ, ಕಡ್ಡಿಯೊಂದಕ್ಕೆ ತಂತಿ ಸುತ್ತುತ್ತಾ ಅವರು ಅಂದರು: "ಮಳೆ ಬಂದ್ರೆ ಈ ಬೀದೀಲಿ ಲಾಭ ನನಗೊಬ್ಬನಿಗೇ ಸ್ವಾಮಿ. ಹಂಗಂತ ಮಳೆ ನಾನು ಸುರಿಸಿದ್ನಾ?"

ಮಾವ ರಿಪೇರಿಯಾಗದ ಛತ್ರಿಯನ್ನು ಅಲ್ಲೇ ಬಿಟ್ಟು ಎದ್ದರು. ಆ ಮಳೆಗಾಲವೆಲ್ಲ ನೆನೆದುಕೊಂಡೇ ಓಡಾಡಿದರು. ಸೋತ ವಾದಕ್ಕೆ ಇಷ್ಟು ದೊಡ್ಡ ದಂಡ ತೆತ್ತವರನ್ನು ನಾನು ಬೇರೆ ಕಂಡಿಲ್ಲ.

ಮಹಾಲಯ ಅಮಾವಾಸ್ಯೆ ಬಂತೆಂದರೆ ಇನ್ನೊಂದು ಪ್ರಸಂಗ. ಎಲ್ಲರ ಮನೆಯಲ್ಲೂ ತಮ್ಮ ತಮ್ಮ ಹಿರಿಯರಿಗೆ ಎಡೆಯಿಟ್ಟರೆ, ಮಾವ ಕೊಲೆಗಾರ ಸಿಗದ ನಾಯಕರಿಗೂ ಎಲೆ ಹಾಕಿಸುತ್ತಿದ್ದರು.

"ಆ ಮರುಭೂಮಿಯವನಿಗೆ ಮುದ್ದೆ ಇಳಿಯುತ್ತೇನ್ರೀ?"

"ಬಸ್ಸಾರು ಸರಿಯಾಗಿದ್ರೆ ಯಾರಿಗಾದ್ರೂ ಇಳಿಯುತ್ತೆ, ಬಡಿಸೇ."

ಕೊನೆಯಲ್ಲೊಂದು ಎಲೆ. ಅದಕ್ಕೆ ಮಾವ ತಮ್ಮ ಕೈಯಾರೆ ಹುಚ್ಚೆಳ್ಳು ಚಟ್ನಿ ಬಡಿಸುವರು. ಅದು ಯಾವ ದೇಶದವನಿಗೆ ಎಂದು ಕೇಳಿದರೆ, "ಹುಲಿಯೂರುದುರ್ಗದ ಕಡೆಯೋನು" ಎಂದಷ್ಟೇ ಹೇಳಿ ಮಾತು ತಿರುಗಿಸುವರು.

ಎಡೆಯಿಟ್ಟ ಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ಕೂರಬೇಕು. ಅದು ಹಿರಿಯರು ಬಂದು ಉಣ್ಣುವ ಹೊತ್ತು. ಎರಡು ಸಾವಿರದ ಈಚೆಗಿನ ಒಂದು ಅಮಾವಾಸ್ಯೆ. ಮಾವನಿಗೆ ಆ ವರ್ಷ ಎದೆ ನೋವು ಬಂದು ಹೋಗಿತ್ತು. ಸಂಜೆಯ ಮಬ್ಬು, ಮುಚ್ಚಿದ ಬಾಗಿಲ ಸಂದಿಯಿಂದ ಸಾಂಬ್ರಾಣಿ ಹೊಗೆ. ಮಾವ ಸೀಮೆಸುಣ್ಣ ತೆಗೆದು ಚೌಕ ಬರೆದರು.

"ಇದು ನಮ್ಮ ಎರಡನೇ ಅಣ್ಣ" ಅಂದರು. "ತಾಲ್ಲೂಕು ಬೋರ್ಡಿಗೆ ನಿಂತಿದ್ದ. ಚುನಾವಣೆಗೆ ವಾರ ಇದ್ದಾಗ ದುರ್ಗದ ಬೆಟ್ಟದ ಕೆಳಗೆ ಕೊಂದು ಹಾಕಿದ್ರು. ಪತ್ತೆಯಾಗ್ಲಿಲ್ಲ ಅಂತ ಪೊಲೀಸ್ನೋರು ಫೈಲು ಮುಚ್ಚಿದ್ರು. ನೋಡು. ಪೂರ್ವಕ್ಕೆ ಅವನ ಎದುರಾಳಿ. ಅವನೂ ಆ ಸಲ ಸೋತ, ಗೆದ್ದೋನು ಆಮೇಲೆ ಊರಿನೋರು ಬಲವಂತಕ್ಕೆ ನಿಲ್ಲಿಸಿದ ಮೇಷ್ಟ್ರು. ಪಶ್ಚಿಮಕ್ಕೆ ಅವನ ಕೈಲಿ ಬೈಸಿಕೊಂಡಿದ್ದ ಕಂಟ್ರಾಕ್ಟರು. ಅವನು ಊರೇ ಬಿಟ್ಟ. ಉತ್ತರಕ್ಕೆ ಪಕ್ಷದೋರು. ಅವರಿಗೆ ಸೀಟು ಹೋಯ್ತು. ಮೂರು ದಿಕ್ಕಲ್ಲೂ ಯಾರಿಗೂ ಲಾಭ ಇಲ್ಲ."

ದಕ್ಷಿಣಕ್ಕೆ ಬಂದು ಕೈ ನಿಂತಿತು.

"ಅವನ ಲಗ್ನಪತ್ರಿಕೆ ಅಚ್ಚಾಗಿತ್ತು. ಕುಣಿಗಲ್ ಹುಡುಗಿ. ಅವಳ ಕಾಲ್ಗುಣ ಅಂತ ಊರಿನೋರು ಆಡೋಕೆ ಮುಂಚೆ, ಸೂತಕ ಕಳೆದ ಮೇಲೆ ಹಿರಿಯರು ನನ್ನ ಹಸೆಗೆ ಕೂರಿಸಿದ್ರು. ಪತ್ರಿಕೇಲಿ ಅವನ ಹೆಸರು ಹೊಡೆದು ಇಂಕಲ್ಲಿ ನನ್ನ ಹೆಸರು ಬರೆದ್ರು. ಕೊಲೆಯಾದ ದಿನ ನಾನು ಹೆಬ್ಬೂರಲ್ಲಿ ಸರಪಳಿ ಹಿಡಿದು ಹೊಲ ಅಳೀತಿದ್ದೆ ಕಣಯ್ಯ, ಆ ಊರಿನೋರೆಲ್ಲ ನನ್ನ ನೋಡಿದ್ರು. ಆದ್ರೆ ಹೆಣ್ಣು ನೋಡೋಕೆ ಅಣ್ಣನ ಜೊತೆ ಹೋದಾಗ, ಅವಳು ಕಾಫಿ ಲೋಟ ಕೊಟ್ಟಾಗ, ಇವಳು ಅವನಿಗೆ ಸಿಗಬಾರದು ಅಂತ ಒಂದು ಗಳಿಗೆ ಅನ್ನಿಸಿತ್ತು. ಲಾಭ ನನಗೇ ಆಯ್ತು."

ನನಗೆ ಛತ್ರಿ ಸಾಬರ ಮಾತು ನೆನಪಾಯಿತು. ಅತ್ತೆ ನಮ್ಮ ಹಿಂದೆಯೇ ಕಂಬಕ್ಕೆ ಒರಗಿ ಕೂತಿದ್ದರು. ಎಲ್ಲವೂ ಅವರಿಗೆ ಕೇಳಿಸಿತ್ತು.

"ನಲವತ್ತು ವರ್ಷ ಊರು, ದೇಶ ಎಲ್ಲ ಅಳೆದ್ರಿ" ಅಂದರು ಅತ್ತೆ. "ಲಾಭ ನಿನಗಾಯ್ತೇನೇ ಅಂತ ಒಂದಿನ ನನ್ನ ಕೇಳಿದ್ರಾ?"

ಮಾವ ತಿರುಗಿ ನೋಡಿದರು.

"ದಕ್ಷಿಣದ ಗಡಿ ಜಂಟಿ ಅಂತ ಬರ್ಕೊಳ್ಳಿ. ನನ್ನ ಹೆಸರೂ ಸೇರಿಸಿ." ಅತ್ತೆ ಮಂಡಿ ಹಿಡಿದು ಎದ್ದರು. "ಬಾಗಿಲು ತೆಗೀತೀನಿ. ನಿಮ್ಮಣ್ಣಂದು ಉಂಡಾಗಿರುತ್ತೆ."

ಮಾವ ಕತ್ತಲಾಗುವ ಮುನ್ನ, ದಕ್ಷಿಣಕ್ಕೆ ಎರಡು ಹೆಸರು ಬರೆದರು.

ಮರುದಿನ ಬೆಳಿಗ್ಗೆ ನಾನು ರೈಲಿಗೆ ಹೊರಟಾಗ ಅತ್ತೆ ಜಗಲಿ ತೊಳೆಯುತ್ತಿದ್ದರು. ಪೂರ್ವ, ಪಶ್ಚಿಮ, ಉತ್ತರ ಮೂರೂ ನೀರಿನಲ್ಲಿ ಹರಿದುಹೋದವು. ದಕ್ಷಿಣದ ಮೂಲೆಯನ್ನು ಮಾತ್ರ ಅವರು ತೊಳೆಯದೆ ಹಾಗೇ ಬಿಟ್ಟು ಒಳಗೆ ಹೋದರು.