ಮುಚ್ಚಳ ತೆಗೆದರೆ ಹೊರಡುವ ಕಾರು

ಮಾತು ಬಾರದವರಿಗೆ ಒಂದು ಅನುಕೂಲವಿದೆ ಮಕ್ಕಳೇ, ಯಾರೂ ಅವರನ್ನು ಏನೂ ಕೇಳುವುದಿಲ್ಲ. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಹಾಕಿದರೆ, ಉತ್ತರ ಗೊತ್ತಿದ್ದರೂ ಸ್ಲೇಟಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದವಳು ನಾನು. ಮದುವೆಯಾಗಿ ಅಜ್ಜಂಪುರಕ್ಕೆ ಬಂದ ಮೇಲೆ ಸ್ಲೇಟಿನ ಬದಲು ಸೆರಗು ಸಿಕ್ಕಿತು, ಅಷ್ಟೇ ವ್ಯತ್ಯಾಸ. ಹಾಗಾಗಿ ನಿಮ್ಮ ತಾತನ ಕಾರು ಕೆಟ್ಟಾಗ ಬೀದಿಯವರೆಲ್ಲ ಅಭಿಪ್ರಾಯ ಕೊಟ್ಟರು, ನನ್ನನ್ನು ಯಾರೂ ಕೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಈರುಳ್ಳಿ ವ್ಯಾಪಾರ ಮಾಡುತ್ತಿದ್ದ ತಾತ ಯಾರೋ ಡಾಕ್ಟರರ ಹಳೇ ಬಿಳಿ ಕಾರು ಕೊಂಡು ತಂದರು. ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ನಾನು. ನನ್ನ ತವರು ಯಗಟಿಯಲ್ಲಿ ಅಮ್ಮ ಕಾಲುನೋವಿನಿಂದ ಮನೆ ಬಿಟ್ಟು ಹೊರಡದ ಹಾಗಾಗಿದ್ದಳು. ಒಬ್ಬಳೇ ಬಸ್ಸಿನಲ್ಲಿ ಹೋಗೋಣವೆಂದರೆ ಕಂಡಕ್ಟರ್ "ಎಲ್ಲಿಗಮ್ಮಾ" ಎಂದು ಕೇಳುತ್ತಾನಲ್ಲ, ಅದಕ್ಕೇ ಹೆದರಿ ಬಸ್ ಸ್ಟ್ಯಾಂಡಿನಿಂದಲೇ ವಾಪಸಾಗುತ್ತಿದ್ದೆ. ಕಾರು ಬಂದ ಮೇಲೆ ತಿಂಗಳಿಗೊಮ್ಮೆ ಅಮ್ಮನ ಮುಖ ನೋಡುವಂತಾಯಿತು.

ಬೇಸಿಗೆಯ ಹೊತ್ತಿಗೆ ಕಾರಿಗೆ ಕಾಯಿಲೆ ಹತ್ತಿತು. ಊರು ಬಿಟ್ಟು ಒಂದಷ್ಟು ದೂರ ಚೆನ್ನಾಗಿ ಓಡಿ, ಬಿಕ್ಕಳಿಸಿ ನಿಂತುಬಿಡುವುದು. ಏನು ಮಾಡಿದರೂ ಸ್ಟಾರ್ಟ್ ಆಗದು. ತಾತ ಇಳಿದು, ಟ್ಯಾಂಕಿನ ಮುಚ್ಚಳ ತೆಗೆದು, ಕಡ್ಡಿ ಇಳಿಬಿಟ್ಟು, ಪೆಟ್ರೋಲ್ ಇದೆಯೆಂದು ನೋಡಿ ಮುಚ್ಚಿದರೆ, ಏನೂ ಆಗಿಯೇ ಇಲ್ಲವೆಂಬಂತೆ ಹೊರಡುವುದು. ತರೀಕೆರೆಯ ಗ್ಯಾರೇಜ್ ಮೇಸ್ತ್ರಿಯ ಮುಂದಂತೂ, ಇನ್ಸ್‌ಪೆಕ್ಟರ್ ಬಂದ ದಿನದ ಶಾಲೆಮಕ್ಕಳ ಹಾಗೆ ಇರುತ್ತಿತ್ತು.

"ಗಾಡಿ ಚೆನ್ನಾಗೈತೆ ಕಣ್ರೀ. ನೀವೇ ಏನೋ ಮಾಡ್ತಿದೀರಿ," ಎಂದ ಮೇಸ್ತ್ರಿ.

"ನಾನೇನ್ ಮಾಡ್ಲಪ್ಪಾ, ಸುಮ್ನೆ ಕೂತಿರ್ತೀನಿ," ಎಂದರು ತಾತ.

"ಮಾರ್ಬಿಡು ಅತ್ಲಾಗೆ," ಎಂದು ನಮ್ಮ ಅತ್ತೆ, ಅಂದರೆ ತಾತನ ತಾಯಿ, ದಿನಾ ಹೇಳತೊಡಗಿದರು. ಕೊನೆಗೆ ಸೋಮವಾರ ಕಡೂರಿನಿಂದ ಗಿರಾಕಿ ಬರುತ್ತಾನೆಂದು ಗೊತ್ತಾಯಿತು. ಇನ್ನು ಅಮ್ಮನನ್ನು ನೋಡಿದ ಹಾಗೇ ಎಂದುಕೊಂಡು ಅಡುಗೆಮನೆಗೆ ಹೋದೆ. ಮನೆ ತುಂಬ ಈರುಳ್ಳಿ ಇದ್ದುದರಿಂದ ಅಳುವುದಕ್ಕೆ ಬೇರೆ ನೆಪ ಹುಡುಕಬೇಕಾಗಿರಲಿಲ್ಲ.

ಅದೇ ಹೊತ್ತಿನಲ್ಲಿ ಎಣ್ಣೆಯ ಹೊಸ ಡಬ್ಬಕ್ಕೆ ತೂತು ಹೊಡೆದು ಬಗ್ಗಿಸಿದೆ. ನಾಲ್ಕು ತೊಟ್ಟು ಬಂದು, ಗುಳಕ್ ಎಂದು ನಿಂತಿತು.

"ಲೇ, ಇನ್ನೊಂದು ತೂತು ಹೊಡಿಯೇ. ಗಾಳಿ ಹೋಗ್ದಲೆ ಎಣ್ಣೆ ಹೆಂಗೆ ಬಂದಾತು," ಎಂದರು ಅತ್ತೆ.

ತಾತ ಮುಚ್ಚಳ ತಿರುಗಿಸಿದಾಗಲೆಲ್ಲ ಸುಂಯ್ ಎಂದು ಗಾಳಿ ಒಳಗೆಳೆದುಕೊಳ್ಳುತ್ತಿದ್ದ ಸದ್ದು ನೆನಪಾಯಿತು. ಕೈ ಒರೆಸಿಕೊಂಡು ಕಾರಿನ ಹಿಂದೆ ಹೋಗಿ ನೋಡಿದೆ. ಮುಚ್ಚಳದ ನಡುವೆ ಗಾಳಿ ಹೋಗಲೆಂದು ಬಿಟ್ಟಿದ್ದ ಸಾಸಿವೆ ಗಾತ್ರದ ತೂತು, ಅದರ ಮೇಲೆ ಬೆಳ್ಳಗೆ ಒಣಗಿ ಕಲ್ಲಾದ ಸುಣ್ಣ ಬೆಲ್ಲ. ನಮ್ಮ ಮನೆಯಲ್ಲಿ ಸೋರುವ ಕೊಡಕ್ಕೂ ಬಕೆಟ್ಟಿಗೂ ಅತ್ತೆ ಸುಣ್ಣ ಬೆಲ್ಲ ಕಲಸಿ ಮೆತ್ತುತ್ತಿದ್ದರು. ಪೆಟ್ರೋಲ್ ವಾಸನೆಗೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು. ವಾಸನೆ ಬರುವ ಜಾಗ ಕಂಡುಹಿಡಿದು ಕಾರನ್ನೂ ರಿಪೇರಿ ಮಾಡಿದ್ದರು. ಬಿಳಿ ಕಾರಿನ ಮೇಲೆ ಬಿಳಿ ಸುಣ್ಣ, ಯಾರ ಕಣ್ಣಿಗೆ ಬೀಳಬೇಕು.

ತಾತನಿಗೆ ಹೇಳಿದರೆ ಕಾರು ಉಳಿಯುತ್ತಿತ್ತು, ಅತ್ತೆಯ ಮಾನ ಹೋಗುತ್ತಿತ್ತು. ಅತ್ತೆಗೇ ಹೇಳೋಣವೆಂದರೆ ನನಗೆ ಬಾಯಿ ಎಲ್ಲಿತ್ತು. ತಲೆಯ ಪಿನ್ನು ತೆಗೆದು ತೂತು ಬಿಡಿಸಿ, ಒಳಗೆ ಬಂದು ಒಗ್ಗರಣೆ ಹಾಕಿದೆ.

ಸೋಮವಾರ ತಾತ ಗಿರಾಕಿಯನ್ನು ತರೀಕೆರೆವರೆಗೆ ಕರೆದುಕೊಂಡು ಹೋಗಿ ಬಂದರು. ಕಾರು ಒಮ್ಮೆಯೂ ಕೆಮ್ಮಲಿಲ್ಲ.

"ಯಾವಾಗ ಕೊಡ್ತೀರಿ ಹೇಳಿ," ಎಂದ ಆತ.

"ಇಂಥಾ ಗಾಡೀನ ಯಾರಾದ್ರೂ ಮಾರ್ತಾರೇನ್ರೀ," ಎಂದರು ತಾತ. ತಾವು ಬಾನೆಟ್ ಎತ್ತಿ ತಟ್ಟಿದ್ದರಿಂದಲೇ ಅದು ಸರಿಹೋಯಿತೆಂದು ಊರಿಗೆಲ್ಲ ಹೇಳಿಕೊಂಡು ಓಡಾಡಿದರು.

ಕಾರು ನಿಲ್ಲುವುದಿಲ್ಲವೆಂದು ಖಾತ್ರಿಯಾದ ಮೇಲೆ ಅತ್ತೆಗೂ ಧೈರ್ಯ ಬಂತು. "ನಾನೂ ಬತ್ತೀನಿ ಕಣೇ ಯಗಟಿಗೆ," ಎಂದು ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು ಹತ್ತಿದರು. ಅಲ್ಲಿ ಅಮ್ಮನೂ ಅತ್ತೆಯೂ ಜಗಲಿಯಲ್ಲಿ ಕೂತು ಸಂಜೆಯವರೆಗೆ ಮಾತಾಡಿದರು. ನನ್ನ ತಪ್ಪುಗಳನ್ನು ಇಬ್ಬರೂ ಬೇರೆ ಬೇರೆ ವರ್ಷಗಳಿಂದ ಬಲ್ಲವರಾದ್ದರಿಂದ ಮಾತಿಗೆ ಬರವಿರಲಿಲ್ಲ. ನಾನು ಒಳಗೆ ಕಾಫಿ ಕಾಸುತ್ತಿದ್ದೆ. ಹೊರಡುವಾಗ ಅಮ್ಮ ನನ್ನ ಕೈ ಹಿಡಿದುಕೊಂಡು, "ಮುಂದಿನ ತಿಂಗ್ಳು ನಿಂಗೆ ಕೆಲ್ಸ ಇದ್ರೆ ಬರದಿದ್ರೂ ನಡೀತದೆ ಕಣೇ. ನಿಮ್ಮತ್ತೇನ ಮಾತ್ರ ತಪ್ದೆ ಕಳ್ಸು," ಎಂದಳು.

ಆಗಲಿ ಎಂದೆ. ಆ ದಿನ ತವರಿನಲ್ಲಿ ನಾನು ಆಡಿದ ಮಾತು ಅದೊಂದೇ.