ಅಜ್ಜನನ್ನು ಸೋಲಾಪುರದಿಂದ ಕರೆಸಿಕೊಂಡದ್ದು

ನೀನು ಎಲ್ಲಿಯವನು ಎಂದು ಯಾರೂ ಕೇಳದಿರುವ ತನಕ ಮನುಷ್ಯ ನೆಮ್ಮದಿಯಾಗಿ ಅಲ್ಲಿಯವನೇ ಆಗಿರುತ್ತಾನೆ. ಕೇಳಿದಿರೋ, ಮುಗಿಯಿತು. ನನಗೆ ಮೂವತ್ತು ತುಂಬುವ ತನಕ ಈ ಪೀಡೆ ತಗುಲಿರಲಿಲ್ಲ. ಹುಟ್ಟಿದ್ದು ಔರಾದ ತಾಲೂಕಿನಲ್ಲಿ, ಸಂತಪುರದ ಮಗ್ಗುಲಿನ ಒಂದು ಹಳ್ಳಿಯಲ್ಲಿ; ಓದಿದ್ದು ಭಾಲ್ಕಿಯಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು; ಹೊಟ್ಟೆ ಹೊರೆಯುತ್ತಿರುವುದು ಬೀದರದಲ್ಲಿ. ಮನೆಯಲ್ಲಿ ಬೈಸಿಕೊಂಡದ್ದು ಕನ್ನಡದಲ್ಲಿ, ಶಾಲೆಯಲ್ಲಿ ಹೊಡೆಸಿಕೊಂಡದ್ದು ಮರಾಠಿಯಲ್ಲಿ, ಕಚೇರಿಯಲ್ಲಿ ಸಲಾಮು ಹೊಡೆಯುವುದು ಉರ್ದುವಿನಲ್ಲಿ. ಇದೊಂದು ವಿಶೇಷವೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. ನಮ್ಮ ಕಡೆ ಎಮ್ಮೆ ಕೂಡ ಮೂರೂ ಭಾಷೆಯ ಗದರಿಕೆಗೆ ತಿರುಗಿ ನೋಡುತ್ತದೆ. ಬೀದರ ದಾಟಿದ ಮೇಲೆ ಬಂಡಿಯಲ್ಲಿಯೇ ಕಚೇರಿಯ ಟೋಪಿ ಕಳಚಿ ಚೀಲಕ್ಕೆ ಹಾಕುತ್ತೇನೆ, ಭಾಲ್ಕಿ ಬರುವಷ್ಟರಲ್ಲಿ ಮಾವನಿಗೆ ಇಷ್ಟವಾಗುವ ಜರಿಯಂಚಿನ ಪಾಗು ಸುತ್ತಿಕೊಂಡಿರುತ್ತೇನೆ, ನಮ್ಮ ಹಳ್ಳಿಯ ಸೀಮೆ ಮುಟ್ಟಿದಾಗ ಮಾಸಿದ ರುಮಾಲು. ಒಳಗಿನ ತಲೆ ಮಾತ್ರ ಮೂರೂ ಕಡೆಗೆ ಒಂದೇ. ಅದನ್ನು ಬದಲಿಸುವಷ್ಟು ಸಂಬಳ ಸರ್ಕಾರ ಕೊಡುತ್ತಿರಲಿಲ್ಲ.

ನಾನು ಬೀದರದ ಒಂದು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ನಾನಿನ್ನೂ ಅಲ್ಲಿಯೇ ಅನ್ನ ತಿನ್ನುತ್ತಿದ್ದೇನೆ. ಹಂಗಾಮಿ ಗುಮಾಸ್ತನೆಂದರೆ ಸಾಹೇಬರು ಸೀನಿದರೂ ನೌಕರಿ ಹೋಯಿತೆಂದು ನಡುಗುವ ಪ್ರಾಣಿ. ಆರು ವರ್ಷ ಹೀಗೆ ನಡುಗಿದ ಮೇಲೆ ಒಂದು ಕಾಯಂ ಜಾಗ ಖಾಲಿಯಾಯಿತು. ಅದು ನನಗೇ ಎಂದು ಎಲ್ಲರೂ ಹೇಳಿದರು. ಒಂದೇ ಒಂದು ಕಾಗದ ಬೇಕಾಗಿತ್ತು: ನಾನು ಮುಲ್ಕಿ ಎಂಬ ಸರ್ಟಿಫಿಕೇಟು. ಮುಲ್ಕಿ ಎಂದರೆ ನಿಜಾಮ್ ಸಂಸ್ಥಾನದ ಸ್ವಂತ ಮನುಷ್ಯ. ಗೈರ್ ಮುಲ್ಕಿ ಎಂದರೆ ಹೊರಗಿನಿಂದ ಬಂದವನು. ಹೊರಗಿನವರೇ ಬಂದು ನೌಕರಿಯೆಲ್ಲ ಬಾಚಿಕೊಳ್ಳುತ್ತಿದ್ದಾರೆ ಎಂಬ ಕೂಗಿಗೆ ಸರ್ಕಾರ ಮಾಡಿದ ಕಾನೂನು ಇದು. ಅಂದರೆ ನನ್ನಂಥವನಿಗಾಗಿಯೇ ಮಾಡಿದ್ದು. ನನ್ನ ಉದ್ಧಾರಕ್ಕೆಂದು ಮಾಡಿದ ಕಾನೂನೆಂದ ಕೂಡಲೇ ನಾನು ಹುಷಾರಾಗಬೇಕಿತ್ತು.

ಕಾಗದದ ಕೆಲಸ ನೋಡುತ್ತಿದ್ದವರು ನಮ್ಮ ಮುನ್ಷಿ ಸಾಹೇಬರು. ಒಳ್ಳೆಯ ಮನುಷ್ಯ. ಅವರ ಮನೆತನ ಮೂಲತಃ ಲಖನೌ ಕಡೆಯದು. ಅವರ ತಂದೆ ಇಲ್ಲಿಗೆ ಬಂದ ಸನ್, ಬಂದ ಕಾರಣ, ಇಳಿದ ಮೊಹಲ್ಲಾ, ಎಲ್ಲವೂ ಮೊಹರು ಸಮೇತ ಕಾಗದದಲ್ಲಿತ್ತು. ಅವರಷ್ಟು ಪಕ್ಕಾ ಮುಲ್ಕಿ ಇಡೀ ಜಿಲ್ಲೆಯಲ್ಲಿ ಮತ್ತೊಬ್ಬ ಇರಲಿಕ್ಕಿಲ್ಲ. ಅವರು ನಮೂನೆ ಬಿಚ್ಚಿ, ಲೇಖಣಿ ಮಸಿಗೆ ಅದ್ದಿ, ಪೇಟೆಯಲ್ಲಿ ಕಲಿತ ಕನ್ನಡದಲ್ಲಿ ಕೇಳಿದರು:

"ಶರಣಪ್ಪ, ನಿಮ್ಮ ಖಾನದಾನ್ ಈ ಮುಲ್ಕಿನೊಳಗ ಯಾವಾಗ ಬಂತುರಿ?"

"ಬಂದಿಲ್ಲರಿ ಸಾಹೇಬ. ಇದ್ದೇವಿ."

"ಇದ್ದೀರಿ, ಅದು ನಂಗೂ ಕಾಣ್ತದ. ಬಂದದ್ದು ಯಾವಾಗ?"

"ಬರಲೇ ಇಲ್ಲರಿ."

"ಬರಲಾರದೆ ಹ್ಯಾಂಗ ಇದ್ದೀರಿ?" ಮುನ್ಷಿ ಸಾಹೇಬರಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು. "ನೋಡ್ರಿ, ಈ ಖಾನೆದಾಗ ಬಂದ ಸನ್ ಬರೀಬೇಕು. ಅಲ್ಲಿಂದ ಎಷ್ಟು ವರ್ಷ ಆತು ಅಂತ ಎಣಿಸಬೇಕು. ಬಂದೇ ಇಲ್ಲ ಅಂದ್ರ ನಾ ಎಲ್ಲಿಂದ ಎಣಿಸಲಿ?"

ನಾನು ಬಿಡಲಿಲ್ಲ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ; ಕೂತ ಭಂಗಿಯಲ್ಲಿ ಸ್ವಂತ ಹೊಲದಲ್ಲಿಯೇ ಮಣ್ಣು ಕೊಡುತ್ತೇವೆ. ಇದಕ್ಕಿಂತ ದೊಡ್ಡ ಪುರಾವೆ ಯಾರ ಹತ್ತಿರ ಇದ್ದೀತು ಎಂದು ಎದೆಯುಬ್ಬಿಸಿ ಹೇಳಿದೆ: "ಸಾಹೇಬ, ನಮ್ಮ ಅಜ್ಜ, ಅಜ್ಜನ ಅಪ್ಪ, ಆತನ ಅಪ್ಪ, ಎಲ್ಲಾರೂ ನಮ್ಮ ಹೊಲದಾಗೇ ಕುಂತಾರರಿ. ಬೇಕಾದ್ರ ಬಂದು ನೋಡ್ರಿ."

"ಅವರು ಬಂದು ಕಾಗದದ ಮ್ಯಾಲ ಅಂಗೂಠಾ ಒತ್ತತಾರೇನ್ರಿ?"

"ಇಲ್ಲರಿ."

"ಹಂಗಾದ್ರ ಕುಂಡ್ರಲಿ ಬಿಡ್ರಿ ಪಾಪ," ಎಂದು ಅವರು ನಮೂನೆ ಮಡಚಿದರು. ಬಂದ ಸನ್ ಗೊತ್ತಿಲ್ಲದಿದ್ದರೆ ಇಬ್ಬರು ಮರ್ಯಾದಸ್ಥರ ಸಾಕ್ಷಿಯಾದರೂ ತರಬೇಕೆಂದರು. ಹದಿನೈದು ದಿನದೊಳಗೆ ಕಾಗದ ಆಗದಿದ್ದರೆ ಜಾಗ ಬೇರೆಯವರಿಗೆ ಎಂದೂ ಹೇಳಿದರು.

ಸಾಕ್ಷಿಗೇನು ಬರ! ಮೂರು ಊರು ತುಂಬ ಪರಿಚಯದವರು. ಮೊದಲು ಬೀದರದಲ್ಲಿ ನನ್ನ ಮನೆಯ ಮಾಲೀಕನನ್ನು ಕೇಳಿದೆ. ಆತ ಗಡ್ಡ ನೀವಿಕೊಂಡು, "ನೀವು ಭಾಲ್ಕಿ ಮಂದಿ ಅಲ್ರೀ, ನಾ ಹ್ಯಾಂಗ ಸಾಕ್ಷಿ ಹೇಳಲಿ?" ಎಂದ. ಭಾಲ್ಕಿಗೆ ಹೋದೆ. ನನ್ನ ಬೆನ್ನಿನ ಮೇಲೆ ಮೂರು ಛಡಿ ಮುರಿದ ಮಾಸ್ತರರು ಬಹಳ ಪ್ರೀತಿಯಿಂದ ಮಾತಾಡಿಸಿ, "ನೀ ಕಾನಡಿ ಹುಡುಗ, ಔರಾದ ಕಡೆಯಾಂವ, ಇಲ್ಲಿ ಓದಲಿಕ್ಕೆ ಬಂದಿದ್ದಿ," ಎಂದು ನೆನಪಿಸಿಕೊಂಡರು. ಛಡಿಯೇಟು ತಿಂದ ಊರು ಸ್ವಂತದ್ದಾಗುವುದಿಲ್ಲವೆಂದು ಆವತ್ತು ತಿಳಿಯಿತು. ಕೊನೆಗೆ ನಮ್ಮ ಹಳ್ಳಿಯ ಪಾಟೀಲರ ಕಟ್ಟೆಗೆ ಹೋದೆ. ಅವರು ನನ್ನ ಟೋಪಿ ನೋಡಿ (ಅವಸರದಲ್ಲಿ ಬದಲಿಸಲು ಮರೆತಿದ್ದೆ) ಎದ್ದು ನಿಂತರು. "ನೀವು ಬೀದರದ ಸರ್ಕಾರಿ ಮಂದಿ, ನಿಮಗ ನಾವೇನ್ ಸಾಕ್ಷಿ ಹೇಳೋದ್ರಿ? ಖರೇ ಹೇಳ್ರಿ, ಏನ್ ತಪಾಸಣಿಗೆ ಬಂದೀರಿ?" ಚಿಕ್ಕಂದಿನಲ್ಲಿ ನನ್ನ ಸಿಂಬಳ ಒರೆಸಿದ ಮನುಷ್ಯ ಆತ. ಕೋಪ ನೆತ್ತಿಗೇರಿ ಬಂದ ದಾರಿಯಲ್ಲೇ ಹೊರಳಿದೆ. ಮೂರು ಊರಿನವನು ಎಂದು ಮೆರೆಯುತ್ತಿದ್ದವನು ಮೂರೇ ದಿನದಲ್ಲಿ ಎಲ್ಲಿಯವನೂ ಅಲ್ಲದವನಾದೆ.

ಪಾರು ಮಾಡಿದವನು ನನ್ನ ಸೋದರಮಾವ. ಭಾಲ್ಕಿಯಲ್ಲಿ ಅರಿವೆ ಅಂಗಡಿ ಇಟ್ಟವನು. ಗಿರಾಕಿ ಕೇಳಿದ ಬಣ್ಣ ಅಂಗಡಿಯಲ್ಲಿ ಇಲ್ಲವೆಂದು ಜನ್ಮದಲ್ಲಿ ಹೇಳಿದವನಲ್ಲ. ನನ್ನ ಗೋಳು ಕೇಳಿ, ಅಡಕೆ ಕತ್ತರಿಸುತ್ತ ಹೇಳಿದ:

"ಸರ್ಕಾರಕ್ಕ ಯಾರರೆ ಬಂದದ್ದು ಬೇಕಾಗ್ಯಾದ, ಹೌದಿಲ್ಲೊ? ಹಂಗಾದ್ರ ಬಂದುಬಿಡೋಣು."

"ಎಲ್ಲಿಂದ ಮಾವ?"

"ಅದನ್ನೇ ನೋಡೋಣು."

ನಾವಿಬ್ಬರೂ ಕೂತು, ಮದುವೆಗೆ ಸೀರೆ ಆರಿಸುವಂತೆ ನಮ್ಮ ಅಜ್ಜ ಬಸಲಿಂಗಪ್ಪನಿಗೆ ಒಂದು ಊರು ಆರಿಸಿದೆವು. ಪುಣೆ ನಮ್ಮ ಯೋಗ್ಯತೆಗೆ ಜಾಸ್ತಿಯಾಯಿತು. ಪಂಢರಪುರ ಎಂದರೆ ಅಜ್ಜನ ಕೊರಳಿನ ಲಿಂಗಕ್ಕೆ ಉತ್ತರ ಕೊಡಬೇಕಾಗುತ್ತದೆ. ಧಾರವಾಡ ದೂರ, ಆ ಕಡೆಯ ಮಾತಿನ ಧಾಟಿ ನನಗೆ ಬರುವುದಿಲ್ಲ. ಸೋಲಾಪುರವೇ ಸರಿ ಎಂದ ಮಾವ: ಇಂಗ್ರೇಜಿ ಮುಲುಕು, ಆದರೂ ಸಮೀಪ, ಸಿದ್ಧರಾಮನ ಗುಡಿ ಇದೆ, ರೈಲೂ ಇದೆ. ಅಜ್ಜನ ಕಾಲಕ್ಕೆ ರೈಲು ಇತ್ತೋ ಇಲ್ಲವೋ ಎಂಬ ಅನುಮಾನ ನನಗೆ ಬಂತು. "ನಡಕೋತ ಬರಲಿ ಏಳು, ಗಟ್ಟಿ ಆಳಿದ್ದ," ಎಂದ ಮಾವ. ಬಂದ ಸನ್ ಒಂದನ್ನು ಬಾಯಿಗೆ ಬಂದಂತೆ ಬರೆದೆವು; ಬಂದ ಕಾರಣದ ಖಾನೆ ಬಾಕಿ ಇತ್ತು. ಅಲ್ಲಿ ಅವನೇ ಬಾಯಿಬಿಟ್ಟು ಹೇಳಿ ಬರೆಸಿದ: ಸರ್ಕಾರದ ನ್ಯಾಯಪರತೆಯ ಕೀರ್ತಿ ಕೇಳಿ ಬಂದರು. ನಮ್ಮ ಅಜ್ಜ ಬದುಕಿದ್ದಾಗ ಸರ್ಕಾರದ ಕುದುರೆ ದೂರದಲ್ಲಿ ಕಂಡರೆ ಜೋಳದ ಬೆಳೆಯಲ್ಲಿ ಅಡಗಿಕೊಳ್ಳುತ್ತಿದ್ದ ಎಂದು ಅವ್ವ ಹೇಳುತ್ತಿದ್ದಳು. ಇರಲಿ, ಕೀರ್ತಿಗೆ ಕೆಲವರು ಹಾಗೂ ತಲೆಬಾಗುತ್ತಾರೆ.

ನಮೂನೆ ನೋಡಿ ಮುನ್ಷಿ ಸಾಹೇಬರ ಮುಖ ಅರಳಿತು. "ಮೊದಲೇ ಹೇಳಬಾರದೇನ್ರಿ? ನೀವೂ ನಮ್ಮಂಗ ಬಂದಾವರೇ!" ಎಂದು ಚಹಾ ತರಿಸಿದರು. ಆರು ವರ್ಷದಲ್ಲಿ ಅವರು ತರಿಸಿದ ಮೊದಲ ಚಹಾ ಅದು. ಈಗ ಸಾಕ್ಷಿಗೂ ತೊಂದರೆಯಾಗಲಿಲ್ಲ. ನಾನು ಇಲ್ಲಿಯವನೆಂದು ಹೇಳಲು ಹಿಂಜರಿದ ಅದೇ ಮನೆ ಮಾಲೀಕ, ಅದೇ ಪಾಟೀಲ, ನಮ್ಮ ಅಜ್ಜ ಹೊರಗಿನಿಂದ ಬಂದವನೆಂದು ಹೇಳಲು ಸಂತೋಷದಿಂದ ಮುಂದೆ ಬಂದರು. ಎಂಟು ದಿನದಲ್ಲಿ ಕಾಗದ ಕೈಸೇರಿತು. ಪರಸ್ಥಳದವನೆಂದು ಒಪ್ಪಿಕೊಂಡ ಮೇಲೆ ನಾನು ಕಾಯದೆ ಪ್ರಕಾರ ಈ ನೆಲದ ಮಗನಾದೆ, ಕಾಯಂ ಗುಮಾಸ್ತನೂ ಆದೆ.

ಇಲ್ಲಿಗೆ ಸುಮ್ಮನಿದ್ದಿದ್ದರೆ ನಾನು ಬರೀ ಸುಳ್ಳುಗಾರನಾಗಿ ಉಳಿಯುತ್ತಿದ್ದೆ. ಸುಮ್ಮನಿರಲಿಲ್ಲ. ಕಚೇರಿಯಲ್ಲಿ ಹೊರಗಿನಿಂದ ಬಂದ ಮನೆತನದವರಿಗೆ ಒಂದು ತೂಕವಿತ್ತು. ಅವರು ಸಂಜೆ ಕೂತು ತಂತಮ್ಮ ಹಳೆಯ ಊರಿನ ನೀರು, ಮಾವು, ನಯ ನಾಜೂಕು ನೆನೆದು ನಿಟ್ಟುಸಿರು ಬಿಡುತ್ತಿದ್ದರು. ನಾನೂ ಬಿಡತೊಡಗಿದೆ. "ನಮ್ಮ ಸೋಲಾಪುರದ ಕಡೆ ಹಿಂಗಿಲ್ಲ ಬಿಡ್ರಿ," ಎನ್ನುತ್ತಿದ್ದೆ. ಸೋಲಾಪುರದಲ್ಲಿ ನಾನು ಕಂಡದ್ದೆಂದರೆ ಮಾವನ ಅಂಗಡಿಗೆ ಬರುವ ಚಾದರುಗಳಷ್ಟೇ. ಆದರೂ ಒಂದು ದಿನ ರೊಟ್ಟಿ ದಪ್ಪವಾಯಿತೆಂದು ಹೆಂಡತಿಗೆ, ನಮ್ಮ ಮನೆತನದಲ್ಲಿ ತೆಳ್ಳಗೆ ಬಡಿಯುತ್ತಿದ್ದರು ಎಂದು ಹೇಳಿಬಿಟ್ಟೆ. ಅವಳು ಹಿಟ್ಟಿನ ಕೈಯಲ್ಲೇ ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಹೇಳುವಾಗ ಕಾಣದ ಆ ಸೋಲಾಪುರದ ಒಲೆ ನನ್ನ ಕಣ್ಣಿಗೆ ಕಟ್ಟಿತ್ತು. ಆಣೆ ಮಾಡಿ ಹೇಳುತ್ತೇನೆ, ಅದು ನಟನೆಯಲ್ಲ.

ಆ ವರ್ಷ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋದೆ. ನಮ್ಮ ಕಡೆ ಆವತ್ತು ಊರಿಗೆ ಊರೇ ಹೊಲದಲ್ಲಿ ಉಣ್ಣುತ್ತದೆ. ಅವ್ವ ಬೆಳಗ್ಗೆಯೇ ಹೊಲಕ್ಕೆ ಹೋಗಿದ್ದಳು. ನಾನು ಮುಟ್ಟುವಷ್ಟರಲ್ಲಿ ಅಜ್ಜನ ಗದ್ದಿಗೆಗೆ ಎಡೆ ಹಿಡಿದು, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ, ಹೋಳಿಗೆ ಎಲ್ಲ ಹರವಿಕೊಂಡು ಕೂತಿದ್ದಳು. ಪಕ್ಕದ ಹೊಲದವರೂ ಸೇರಿದ್ದರು. ಹುಟ್ಟಿದಾಗಿನಿಂದ ನನ್ನನ್ನು "ಶರಣ್ಯಾ" ಎಂದೇ ಕರೆದವಳು, ನೌಕರಿ ಸಿಕ್ಕಿತೆಂದು ಮೇಲೆದ್ದು ತಬ್ಬಿಕೊಳ್ಳುತ್ತಾಳೆಂದು ನಾನು ಕೈ ಅಗಲಿಸಿಕೊಂಡೇ ಹೋದೆ. ಮಾವ, ತನ್ನ ಜಾಣತನ ತಾನೇ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ, ಅಕ್ಕನಿಗೆ ಎಲ್ಲವನ್ನೂ ಹೇಳಿದ್ದಾನೆಂದು ನನಗೆ ಗೊತ್ತಿರಲಿಲ್ಲ.

ಅವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಬರ್ರಿ ಶರಣಪ್ಪನವರ. ದೂರದಿಂದ ಬಂದೀರಿ, ದಣದಿರಬೇಕು. ಕೈಕಾಲು ತೊಳಕೊಳ್ರಿ," ಎಂದು ತಂಬಿಗೆ ಮುಂದೆ ಹಿಡಿದಳು.

"ಅವ್ವ, ಇದೇನ ಹಿಂಗ ಮಾತಾಡ್ತಿ?"

"ಪರಸ್ಥಳದಾವರಿಗೆ ಹಿಂಗೇ ಮಾತಾಡ್ಬೇಕಲ್ರಿ. ಇಕಾ, ಕಂಬಳಿ ಮ್ಯಾಲ ಕುಂಡ್ರಿ. ನೆಲದ ಮ್ಯಾಲ ನಮ್ಮ ಮನಿ ಮಂದಿ ಕುಂಡ್ರತಾರ." ಆಮೇಲೆ ಸಾಲು ಗದ್ದಿಗೆಗಳ ಕಡೆ ಕೈಮಾಡಿ, ಅದೇ ಮೆತ್ತಗಿನ ದನಿಯಲ್ಲಿ ಕೇಳಿದಳು: "ನಿಮ್ಮ ಅಜ್ಜ ಸೋಲಾಪುರದಾಗ ಹುಟ್ಟಿದ್ದ ಅಂತಲ್ಲ. ಹಂಗಾರ ಇಲ್ಲಿ ಆತನ ಅಪ್ಪ, ಅಪ್ಪನ ಅಪ್ಪ ಅಂತ ನಾ ದಿನಾ ದೀಪ ಹಚ್ಚೋದು ಯಾರಿಗ್ರಿ?"

ಕಾಲಿಗೆ ಬಿದ್ದು, ಆ ಕಾಗದ ಹರಿದು ಒಗೆಯುತ್ತೇನೆ ಎನ್ನಬೇಕೆನಿಸಿತು. ಆದರೆ ಹರಿದರೆ ನೌಕರಿ ಹೋಗುತ್ತದೆ ಎಂಬುದೂ ಅದೇ ಗಳಿಗೆಯಲ್ಲಿ ನೆನಪಾಯಿತು. ಹೋಗಿ ಕಂಬಳಿಯ ಮೇಲೆ ಕೂತೆ. ನಮ್ಮಲ್ಲಿ ಬೀಗರು ಬಿಜ್ಜರಿಗೆ ಹಾಕುವ ತುಪ್ಪಕ್ಕೂ ಮನೆಯವರಿಗೆ ಹಾಕುವ ತುಪ್ಪಕ್ಕೂ ವ್ಯತ್ಯಾಸವಿದೆ. ಅವ್ವ ಹೋಳಿಗೆ ಮುಳುಗುವಷ್ಟು ಹಾಕಿದಳು. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ತಲೆ ತಗ್ಗಿಸಿಕೊಂಡೇ ಮೂರು ಹೋಳಿಗೆ ತಿಂದೆ.

ಆವತ್ತಿನಿಂದ ಈವತ್ತಿನ ತನಕ ಅವ್ವ ನನಗೆ "ರಿ" ಹಚ್ಚಿಯೇ ಮಾತಾಡುತ್ತಾಳೆ. ಹೋದಾಗಲೆಲ್ಲ ಕಂಬಳಿ ಹಾಸುತ್ತಾಳೆ, ತಂಬಿಗೆ ಹಿಡಿಯುತ್ತಾಳೆ, ನಾನು ಕೂರುವ ತನಕ ತಾನು ಕೂರುವುದಿಲ್ಲ. ಓಣಿಯ ಹೆಂಗಸರು ಇದನ್ನು ನೋಡಿ, "ಮಗಾ ಸರ್ಕಾರಿ ಕಾಯಂ ನೌಕರ ಅಂತ ಹಡದಾಕಿ ಸೈತ ಎಷ್ಟು ಮರ್ಯಾದಿ ಕೊಡ್ತಾಳ ನೋಡ್ರಿ," ಎಂದು ತಮ್ಮ ಮಕ್ಕಳಿಗೆ ತೋರಿಸುತ್ತಾರಂತೆ. ನಾನು ಮೀಸೆ ಸರಿಮಾಡಿಕೊಳ್ಳುತ್ತೇನೆ. ಅದು ಹಾಗಲ್ಲವೆಂದು ಯಾರಿಗೂ ಇನ್ನೂ ಹೇಳಿಲ್ಲ.